ನಕ್ಕವರೂ ಈಗ ನನ್ನ ಕಣಜದಿಂದಲೇ ಎಳೆದುಕೊಳ್ಳುತ್ತಾರೆ

ನಾಲ್ಕು ಕಾಲೇಜಿನ ಲ್ಯಾಬುಗಳು ನನ್ನ ಕೈಯಲ್ಲಿವೆ. ತುಮಕೂರಲ್ಲಿ ಎರಡು, ಗುಬ್ಬಿಯಲ್ಲಿ ಒಂದು, ಪಾವಗಡದಲ್ಲಿ ಒಂದು. ನೂರಿಪ್ಪತ್ತರ ಆಸುಪಾಸು ಮಷೀನು, ಎಲ್ಲಕ್ಕೂ ಡೆಬಿಯನ್ 12 ಅನ್ನೋ ಲಿನಕ್ಸ್. ಮಷೀನುಗಳು ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಎಳೆದುಕೊಳ್ಳೋಕೆ ನಮ್ಮದೇ ಕಣಜ ಇಟ್ಟುಕೊಳ್ಳುತ್ತೇನೆ ಅಂದಾಗ ಬಿ.ಎಚ್. ರಸ್ತೆಯ ಗೆಳೆಯರು ನಕ್ಕರು. "ಅದೆಲ್ಲಾ ಯಾಕ್ ಗುರು, ಒಂದಕ್ಕೆ ಕೂರ್ಸಿ ಮಿಕ್ಕಿದ್ದಕ್ಕೆಲ್ಲ ಕ್ಲೋನ್ ಹೊಡಿ!" ಈಗ ಹದಿನಾಲ್ಕು ತಿಂಗಳಾಯಿತು, ಒಂದು ಲ್ಯಾಬೂ ನಿಂತಿಲ್ಲ. ನಕ್ಕವರಲ್ಲಿ ಇಬ್ಬರು ಅವರ ಗಿರಾಕಿಗಳ ಮಷೀನಿಗೆ ನನ್ನಲ್ಲಿಂದಲೇ ಎಳೆದುಕೊಳ್ಳುತ್ತಿದ್ದಾರೆ.

ಮೊದಲು ಕೈ ಸುಟ್ಟುಕೊಂಡಿದ್ದು, ಡೆಬಿಯನ್ ಕಣಜದ ನಕಲು (ಮಿರರ್) ಇಳಿಸುವ ಡೆಬ್‌ಮಿರರ್‌ನಲ್ಲಿ. ಸೋರ್ಸ್ ಕೋಡ್ ಬೇಡ, ನಮ್ಮ ಮಷೀನಿನ ಜಾತಿ ಎಎಂಡಿ64 ಒಂದೇ ಸಾಕು ಅಂದರೂ ನಾನು ಜನ್ಮದಲ್ಲಿ ಮುಟ್ಟದ ಆಟಗಳು, ಖಗೋಳ ಲೆಕ್ಕದ ಲೈಬ್ರರಿಗಳು ಎಲ್ಲ ಬಂದು 80 ಜಿಬಿಯ ಹಳೇ ಡಿಸ್ಕ್ ತುಂಬಿಸಿದವು. ಡಿಸ್ಕ್ ದೊಡ್ಡದು ಮಾಡಿದೆ. ಪಾವಗಡಕ್ಕೆ ದೂರದಿಂದ ಕಳಿಸಲಾಗದೆ ಹದಿನೈದು ದಿನಕ್ಕೊಮ್ಮೆ ಡಿಸ್ಕನ್ನೇ ಬಸ್ಸಲ್ಲಿ ಹೊತ್ತುಕೊಂಡು ಹೋದೆ. ಆದರೆ ಸೆಕ್ಯುರಿಟಿ ಭಾಗದ ರಿಲೀಸ್ ಕಡತದ (ಏನೇನಿದೆ ಅನ್ನೋ ಸಹಿ ಹಾಕಿದ ಪಟ್ಟಿ) ಆಯುಷ್ಯ ಒಂದೇ ವಾರ. ಎರಡನೇ ವಾರದಿಂದ, ಮಷೀನಿಗೆ ಪ್ಯಾಕೇಜ್ ತಂದು ಕೂರಿಸುವ ಆಪ್ಟ್, ಅವಧಿ ಮೀರಿದೆ ಅಂತ ಹಟ ಹಿಡಿಯುತ್ತಿತ್ತು. ಆ ತಪಾಸಣೆಯನ್ನೇ ಆಫ್ ಮಾಡಿದ್ದೆ, ಹೇಳಿಕೊಳ್ಳೋಕೆ ನಾಚಿಕೆ.

ಆಮೇಲೆ ರೆಪ್ರೆಪ್ರೊ. ಸ್ವಂತ ಕಣಜ ಕಟ್ಟೋಕೆ ಒಳ್ಳೇ ಟೂಲು, ಡಿಸ್ಟ್ರಿಬ್ಯೂಷನ್ಸ್ ಅನ್ನೋ ಸೆಟ್ಟಿಂಗ್ ಕಡತಕ್ಕೆ ಹತ್ತು ಸಾಲು ಬರೆದರೆ ಸಂಸಾರ ಶುರು. ಆದರೆ ನನ್ನ ಹತ್ತಿರ ಇದ್ದ ಆವೃತ್ತಿ ಒಂದು ಪ್ಯಾಕೇಜಿಗೆ ಒಂದೇ ವರ್ಷನ್ ಇಟ್ಟುಕೊಳ್ಳುತ್ತಿತ್ತು, ಹೊಸದು ಬಂದರೆ ಹಳೇದು ಮಾಯ. ನಾನೇ ಕಟ್ಟಿದ ಪ್ರಿಂಟರ್ ಸೆಟ್ಟಿಂಗ್ ಪ್ಯಾಕೇಜು ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಕೈಕೊಟ್ಟಿತು, ಹಳೇ ಡೆಬ್ (ಪ್ಯಾಕೇಜ್ ಕಡತ) ಎಲ್ಲೂ ಇಲ್ಲ. ರಾತ್ರಿಯೆಲ್ಲ ಕೂತು ಮತ್ತೆ ಕಟ್ಟಿದೆ. ಅದಾಗಿ ತಿಂಗಳಿಗೆ, ಇಂಪೋರ್ಟ್ ನಡೆಯುವಾಗಲೇ ಕರೆಂಟ್ ಹೋಗಿ ಕಣಜದ ಲೆಕ್ಕವಿಡುವ ಡಿಬಿ (ಡೇಟಾಬೇಸ್) ಫೋಲ್ಡರ್ ಕೆಟ್ಟಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಸಾವಿರದ ಚಿಲ್ಲರೆ ಉಳಿಸಲು ಹೋಗಿ ಮೂರು ದಿನ ಕಳೆದುಕೊಂಡೆ.

ಕೊನೆಗೆ ಕೈ ಹಿಡಿದದ್ದು ಆಪ್ಟ್ಲಿ ಅನ್ನೋ ಇನ್ನೊಂದು ಕಣಜದ ಟೂಲು. ಮಿರರ್ ಮಾಡುವಾಗಲೇ ಫಿಲ್ಟರ್ ಕೊಟ್ಟು, ಡಿಪೆಂಡೆನ್ಸಿ (ಅದು ಓಡೋಕೆ ಬೇಕಾದ ಬೇರೆ ಪ್ಯಾಕೇಜು) ಸಮೇತ ತಾ ಅಂದರೆ ಬೇಕಾದ್ದಷ್ಟೇ ಬರುತ್ತದೆ. ನನ್ನದು ಹದಿನೈದು ಜಿಬಿ ಚಿಲ್ಲರೆಗೆ ಇಳಿಯಿತು. ಆ ಫಿಲ್ಟರ್ ಪಟ್ಟಿ ಮಾತ್ರ ಕೇಳಬೇಡಿ, ಆರು ತಿಂಗಳ ಬೆವರು ಅದು. ಪ್ರತಿ ಸಲ ಅಪ್‌ಡೇಟ್ ಆದ ಮೇಲೆ ತಾರೀಖು ಹಾಕಿ, ಕಣಜ ಆ ಹೊತ್ತಿಗೆ ಹೇಗಿತ್ತೋ ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆದು, ಮೊದಲು ತುಮಕೂರಿನ ಎರಡು ಮಷೀನಿಗೆ ಬಿಡುತ್ತೇನೆ. ನಾಲ್ಕು ದಿನ ಯಾರೂ ಫೋನ್ ಮಾಡದಿದ್ದರೆ ಮಿಕ್ಕವಕ್ಕೂ ಅದನ್ನೇ ತೋರಿಸುವ ಪಬ್ಲಿಶ್ ಸ್ವಿಚ್ ಕಮಾಂಡು. ಕೆಟ್ಟರೆ ಹಿಂದಿನ ಸ್ನ್ಯಾಪ್‌ಶಾಟಿಗೆ ಅದೇ ಸ್ವಿಚ್. ಕಣಜ ಹಿಂದೆ ಹೋದ ಮಾತ್ರಕ್ಕೆ ಮಷೀನು ತಾನಾಗಿ ಹಿಂದೆ ಹೋಗುವುದಿಲ್ಲ, ಹಳೇ ವರ್ಷನ್ನಿಗೂ ಇಳಿ ಅಂತ ಆಪ್ಟ್‌ಗೆ ಹೇಳುವ ಪಿನ್ 1001 (ಆದ್ಯತೆಯ ಅಂಕಿ) ಹಾಕಬೇಕು. ಇದು ಗೊತ್ತಿಲ್ಲದೆ ಅರ್ಧ ದಿನ ತಲೆ ಚಚ್ಚಿಕೊಂಡಿದ್ದೇನೆ.

ಇಲ್ಲೂ ಪೆಟ್ಟು ತಪ್ಪಲಿಲ್ಲ. ಮೂರೂವರೆ ಸಾವಿರ ಕೊಟ್ಟು ತಂದ ಹೊರಗಿನ ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್‌ನಲ್ಲಿತ್ತು. ಆಪ್ಟ್ಲಿ ಪಬ್ಲಿಶ್ ಮಾಡೋದು ಹಾರ್ಡ್ ಲಿಂಕ್ (ಒಂದೇ ಕಡತಕ್ಕೆ ಎರಡನೇ ಹೆಸರು) ಹಾಕಿ, ಎಕ್ಸ್‌ಫ್ಯಾಟ್‌ಗೆ ಅದೇ ಬರೋದಿಲ್ಲ. ಲಿನಕ್ಸಿನ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿ ಮತ್ತೆ ಶುರು. ಹಳೇ ಸ್ನ್ಯಾಪ್‌ಶಾಟ್ ಡ್ರಾಪ್ ಮಾಡಿದರೂ ಡಿಬಿ ಕ್ಲೀನಪ್ ಓಡಿಸುವ ತನಕ ಒಂದು ಎಂಬಿಯೂ ವಾಪಸ್ ಬರುವುದಿಲ್ಲ. ಇನ್ನೊಂದು, ಕಣಜ ನಮ್ಮದೇ ಅಂತ ಆಪ್ಟ್ ಗುರುತಿಸುವ ಸಹಿಯ ಕೀ. ರೆಪ್ರೆಪ್ರೊ ಕಾಲದ್ದನ್ನೇ ಇಟ್ಟುಕೊಂಡಿದ್ದೆ, ಅವಧಿ ಮುಗಿದು ಎಲ್ಲ ಕಡೆ ಅಪ್‌ಡೇಟ್ ನಿಂತಿತು. ಮೂರು ಲ್ಯಾಬಿಗೆ ಕೂತಲ್ಲಿಂದಲೇ ಎಸ್‌ಎಸ್‌ಎಚ್ ಸಾಕಾಯಿತು, ಪಾವಗಡಕ್ಕೆ ಮತ್ತೆ ಬಸ್ಸು. ಈಗ ಕೀಯನ್ನೇ ಒಂದು ಪ್ಯಾಕೇಜ್ ಮಾಡಿದ್ದೇನೆ, ಅವಧಿ ಮುಗಿಯೋಕೆ ಮೂರು ತಿಂಗಳಿರುವಾಗಲೇ ಹೊಸದು ಹೋಗುತ್ತದೆ.

ಇದರ ನಡುವೆ ಒಂದು ಚಪಲ. ಕನ್ನಡ ಫಾಂಟುಗಳು, ಕಗಪ ಕೀಲಿಮಣೆ ಎಲ್ಲ ಒಂದೇ ಏಟಿಗೆ ಕೂರುವ ಪ್ಯಾಕೇಜ್ ಕಟ್ಟಿದೆ. ಅದರ ಜತೆ ಬರುವ ಡೆಬಿಯನ್‌ನ ಫಾಂಟ್ ಪ್ಯಾಕೇಜು ಫಾಂಟ್ಸ್-ಗುಬ್ಬಿ ಹೆಸರು ಕಂಡು ಗುಬ್ಬಿ ಲ್ಯಾಬಿನ ಮೇಷ್ಟ್ರು "ನಮ್ಮೂರ ಹೆಸ್ರು ಡೆಬಿಯನ್‌ವರ್ಗೂ ಹೋಗದೆ!" ಅಂತ ಹಿಗ್ಗಿದರು. ಪಕ್ಕದಲ್ಲಿ ಫಾಂಟ್ಸ್-ನವಿಲು ತೋರಿಸಿ ಇದು ಹಕ್ಕಿ ಸಾರ್ ಅಂದ ಮೇಲೆ ಮುಖ ಸಪ್ಪಗಾಯಿತು. ವರ್ಷನ್ನಿಗೆ ಜಂಬದಲ್ಲಿ 20240110 ಅಂತ ತಾರೀಖು ಕೊಟ್ಟಿದ್ದೆ. ಆಮೇಲೆ 1.0 ಬಿಟ್ಟರೆ, ಅಂಕಿ ಚಿಕ್ಕದು, ಹಳೇದು ಅಂತ ಆಪ್ಟ್ ತಿರುಗಿಯೂ ನೋಡಲಿಲ್ಲ. ವರ್ಷನ್ನಿನ ಮುಂದೆ 1: ಅಂತ ಎಪಾಕ್ (ಮಿಕ್ಕ ಅಂಕಿಗಿಂತ ಮೊದಲು ಲೆಕ್ಕಕ್ಕೆ ಬರುವ ಅಂಕಿ) ಹಚ್ಚಬೇಕಾಯಿತು, ಆ ಬಾಲ ಇನ್ನು ಜನ್ಮಕ್ಕೆ ಬಿಡುವುದಿಲ್ಲ.

ಖರ್ಚು ಕೇಳಿದವರಿಗೆ: ಸೆಕೆಂಡ್‌ಹ್ಯಾಂಡ್ ಪಿಸಿ ಆರು ಸಾವಿರ, ಡಿಸ್ಕ್, ಬ್ಯಾಟರಿ, ಎಲ್ಲ ಸೇರಿ ಹನ್ನೊಂದು ಸಾವಿರದ ಒಳಗೆ. ಬಸ್ ಚಾರ್ಜು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಲೆಕ್ಕಕ್ಕಿಲ್ಲ. ಡೆಬಿಯನ್ 13ರ ಮಿರರ್ ಮೊನ್ನೆಯಿಂದ ಇಳಿಯುತ್ತಿದೆ. ಈ ಸಲ ಮೊದಲ ಎರಡು ಮಷೀನು ಗುಬ್ಬಿಯವು, ಮೇಷ್ಟ್ರಿಗೆ ಮಾತು ಕೊಟ್ಟಿದ್ದೇನೆ.