ತಾಷ್ಕೆಂಟ್‌ನ ಕಲಾ ಗ್ಯಾಲರಿಗಳನ್ನು ಮೆಟ್ರೊ ಹಿಡಿದು ನೋಡಿದ ಬಗೆ: ನನ್ನ ಅನುಭವ

ಕಾರು, ಗೈಡು ಎರಡೂ ಇಲ್ಲದೆ ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟ್‌ನ ಗ್ಯಾಲರಿಗಳನ್ನು ನೋಡುವುದು ಆಗದ ಮಾತೆಂದು ಹೊರಡುವ ಮುನ್ನ ನನಗೆ ಹೇಳಿದವರೇ ಹೆಚ್ಚು. ಒಂದು ದಿನದ ಕಾರಿಗೆ ಏಜೆಂಟರೊಬ್ಬರು ಆರೇಳು ಸಾವಿರ ರೂಪಾಯಿ ಕೇಳಿದ್ದರು. ಅಷ್ಟೇ ಹಣದಲ್ಲಿ ನಾನು ಇಡೀ ಪ್ರವಾಸದ ನಗರ ಓಡಾಟ, ಪ್ರವೇಶ ಶುಲ್ಕ, ಪ್ಲೋವ್ (ಅಲ್ಲಿನ ಪಲಾವು) ಊಟಗಳನ್ನೆಲ್ಲ ತೂಗಿಸಿ, ಒಂದಷ್ಟು ಉಳಿಸಿಯೂ ಬಂದೆ.

ಮೊದಲಿಗೆ ಕೈಕೊಟ್ಟದ್ದು ಕಾಲ್ನಡಿಗೆ. 1966ರ ಏಪ್ರಿಲ್ 26ರ ಭೂಕಂಪದ ಬಳಿಕ ಸೋವಿಯತ್ ಯೋಜಕರು ಅಗಲ ರಸ್ತೆಗಳನ್ನಿಟ್ಟು ಮತ್ತೆ ಕಟ್ಟಿದ ಊರಿದು. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುವ ಕಟ್ಟಡಗಳ ನಡುವೆ ಬೇಸಿಗೆಯ ಬಿಸಿಲಿನಲ್ಲಿ ನಡೆಯುವಾಗ ಅರ್ಧ ದಿನವೇ ಕರಗುತ್ತದೆ. ಆ್ಯಪ್ ಟ್ಯಾಕ್ಸಿ ಅಗ್ಗವೇನೋ ಹೌದು, ಆದರೆ ಸಂಜೆಯ ಚೋರ್ಸು ಮಾರುಕಟ್ಟೆಯ ದಟ್ಟಣೆಗೆ ಸಿಕ್ಕರೆ ಗ್ಯಾಲರಿಯ ಬಾಗಿಲು ಮುಚ್ಚುವ ಹೊತ್ತಿಗೆ ತಲುಪುತ್ತೀರಿ. ಕೊನೆಗೆ ಕೈಹಿಡಿದದ್ದು 1977ರಲ್ಲಿ ಆರಂಭವಾದ, ಮಧ್ಯ ಏಷ್ಯಾದ ಮೊದಲ ಮೆಟ್ರೊ. ಅದರ ಟಿಕೆಟ್ಟಿಗೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ರೂಪಾಯಿಯ ಆಸುಪಾಸು.

ಅನೇಕ ಸಂಗ್ರಹಾಲಯಗಳಿಗೆ ಸೋಮವಾರ ರಜೆ. ಆದ್ದರಿಂದ ಆ ದಿನವನ್ನು ನಿಲ್ದಾಣಗಳಿಗೂ ಬಯಲಿನ ಸ್ಮಾರಕಗಳಿಗೂ ಮೀಸಲಿಟ್ಟೆ. ಭೂಕಂಪದ ನೆನಪಿನ ಧೈರ್ಯ ಸ್ಮಾರಕ, ಅಮೀರ್ ತೈಮೂರ್ ಚೌಕ, ತಾಷ್ಕೆಂಟ್ ಒಪ್ಪಂದದ ಮರುದಿನವೇ ಇಲ್ಲಿ ತೀರಿಕೊಂಡ ಲಾಲ್ ಬಹದ್ದೂರ್ ಶಾಸ್ತ್ರಿಯವರ ಪ್ರತಿಮೆ, ಎಲ್ಲವೂ ಅಂದೇ ಆದವು. ನಿಲ್ದಾಣಗಳಲ್ಲಿ ಛಾಯಾಗ್ರಹಣದ ನಿಷೇಧ 2018ರಲ್ಲಿ ತೆರವಾಗಿದೆ. ಕಾಸ್ಮೊನಾವ್ತ್ಲಾರ್ ನಿಲ್ದಾಣದ ನೀಲಿ ಗೋಡೆಗಳಲ್ಲಿ ಗಗನಯಾತ್ರಿಗಳಾದ ಗಗಾರಿನ್, ತೆರೆಶ್ಕೊವಾ ಜೊತೆಗೆ ಹದಿನೈದನೆಯ ಶತಮಾನದ ಖಗೋಳಜ್ಞ ಉಲುಗ್ ಬೇಗ್ ಕೂಡ ಇದ್ದಾನೆ, ಮತ್ತು ನನ್ನ ಮಟ್ಟಿಗೆ ಊರಿನ ಅತ್ಯುತ್ತಮ ಗ್ಯಾಲರಿ ಅದೇ. ಅಲಿಶೇರ್ ನವೊಯ್ ನಿಲ್ದಾಣದ ಗುಮ್ಮಟಗಳನ್ನು ಜನರಿಲ್ಲದೆ ಸೆರೆಹಿಡಿಯಲು ಮೊಬೈಲಿನಲ್ಲೇ ಹಲವು ಪ್ರಯೋಗ ಮಾಡಿದೆ. ರೈಲು ಹೊರಟ ಮರುಕ್ಷಣದ ಬಿಡುವಿನಲ್ಲಿ ಅದು ಸಾಧ್ಯವಾಯಿತು, ಆದರೆ ಪ್ಲಾಟ್‌ಫಾರಂನ ಯಾವ ತುದಿಯಲ್ಲಿ ನಿಂತೆನೆಂಬುದನ್ನು ಹೇಳಿಬಿಟ್ಟರೆ ನನಗೆ ಉಳಿಯುವುದೇನು?

ಕಾಸ್ಮೊನಾವ್ತ್ಲಾರ್‌ನಿಂದ ಕಾಲು ಗಂಟೆ ನಡೆದರೆ ಅನ್ವಯಿಕ ಕಲೆಗಳ ಸಂಗ್ರಹಾಲಯ ಸಿಗುತ್ತದೆ. ತ್ಸಾರ್ ಕಾಲದ ಅಧಿಕಾರಿ ಪೊಲೊವ್ತ್ಸೆವ್‌ಗಾಗಿ ಸಿದ್ಧವಾದ ಆ ಮನೆಯ ಕೆತ್ತಿದ ಗಾರೆ, ಬಣ್ಣದ ಛಾವಣಿಗಳ ಮುಂದೆ ಒಳಗಿನ ಸುಜಾನಿ ಕಸೂತಿ, ರಿಶ್ತಾನ್ ಕುಂಬಾರಿಕೆಗಳೂ ಎರಡನೆಯ ಸ್ಥಾನಕ್ಕೆ ಇಳಿಯುತ್ತವೆ. ಕೆಲವೆಡೆ ಕ್ಯಾಮೆರಾಗೆ ಬೇರೆಯೇ ಶುಲ್ಕವಿರುವುದರಿಂದ ಅಲ್ಲಿನ ಹಣವಾದ ಸೋಮ್‌ನ ಚಿಲ್ಲರೆ ನೋಟುಗಳು ಕೈಯಲ್ಲಿರಲಿ.

ಒಂದು ಗ್ಯಾಲರಿಗೆ ಹೋದಾಗ ದುರಸ್ತಿಗೆಂದು ಬಾಗಿಲು ಹಾಕಿತ್ತು, ಮುನ್ಸೂಚನೆ ಎಲ್ಲೂ ಇರಲಿಲ್ಲ. ಕಾರಿನವರಾಗಿದ್ದರೆ ಆ ದಿನದ ಹಣ ಹೋದಂತೆಯೇ. ನಾನು ಮತ್ತೆ ಮೆಟ್ರೊ ಹಿಡಿದು ಮುಸ್ತಕಿಲ್ಲಿಕ್ ಮೈದಾನಿ ನಿಲ್ದಾಣಕ್ಕೆ ಬಂದು, ಅಲ್ಲಿಂದ ಉಜ್ಬೇಕಿಸ್ತಾನ್ ಲಲಿತಕಲಾ ಗ್ಯಾಲರಿಗೆ ನಡೆದೆ. ಅಲ್ಲಿ ಇಪ್ಪತ್ತನೆಯ ಶತಮಾನದ ವರ್ಣಚಿತ್ರಗಳನ್ನೂ ಪ್ರಾಚೀನ ನಾಣ್ಯಗಳನ್ನೂ ಯಾರ ಅವಸರವೂ ಇಲ್ಲದೆ ಸಂಜೆಯವರೆಗೆ ನೋಡಿದೆ.