ಫಲಿತಾಂಶದ ಹಿಂದಿನ ದಿನದ ಪಾಯಸ

ಕೋಲಾರದಲ್ಲಿ ಸಾಲ ಕೊಡುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ಹಳ್ಳಿಗಳಿಗೆ ಹೋಗಿ ಕಂತು ವಸೂಲಿ ಮಾಡಬೇಕು. ದಿನಾ ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಪಟ್ಟಿ ಬರುತ್ತದೆ, ಯಾರು ಮೊದಲು, ಯಾರು ಕೊನೆ ಅಂತ. ನನ್ನ ಹೆಸರು ಮೇಲಿದ್ದ ದಿನ ಮನೆಗೆ ಜಿಲೇಬಿ ತರುತ್ತಿದ್ದೆ. ಕೆಳಗಿದ್ದ ದಿನ ಹೆಂಡತಿ ಏನು ಕೇಳಿದರೂ ಸಿಡುಕುತ್ತಿದ್ದೆ.

ನಮ್ಮ ಕಡೆ ವಸೂಲಿ ಎಂದರೆ ಅರ್ಧ ಟೊಮೆಟೊ ಮಾತು. ಎಪಿಎಂಸಿಯಲ್ಲಿ ಬಾಕ್ಸಿಗೆ ಒಳ್ಳೆ ರೇಟ್ ಸಿಕ್ಕಿದರೆ ರೈತರು ತಾವೇ ಕರೆದು ಕಂತು ಕಟ್ಟುತ್ತಾರೆ. ರೇಟ್ ಬಿದ್ದರೆ ಹಣ್ಣನ್ನು ರಸ್ತೆ ಬದಿ ಸುರಿದು ಬರುತ್ತಾರೆ. ಎರಡೂ ವಾರ ನಾನು ಬೈಕಿನಲ್ಲಿ ಸುತ್ತಿದ್ದು ಅಷ್ಟೇ ದೂರ. ಆದರೂ ಒಂದು ವಾರ ನಾನು ದೊಡ್ಡ ಮನುಷ್ಯ, ಇನ್ನೊಂದು ವಾರ ಕೆಲಸಕ್ಕೆ ಬಾರದವನು.

ಅಪ್ಪ ಕೆಜಿಎಫ್ ಚಿನ್ನದ ಗಣಿಯಲ್ಲಿದ್ದರು. 2001ರಲ್ಲಿ ಗಣಿ ಮುಚ್ಚಿತು. ಆಮೇಲೂ ತುಂಬ ದಿನ ಅವರು ಶಿಫ್ಟ್ ಹೊತ್ತಿಗೆ ಎದ್ದು, ಶರ್ಟ್ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದರು. "ಇನ್ನು ನಾನು ಯಾರು ಅಂತ ಹೇಳಲಿ?" ಎಂದು ಅಮ್ಮನನ್ನು ಕೇಳಿದ್ದು ಒಮ್ಮೆ ನನ್ನ ಕಿವಿಗೆ ಬಿದ್ದಿತ್ತು. ಅದೇ ಪ್ರಶ್ನೆ ನನ್ನೊಳಗೂ ಕೂತಿದೆ ಎಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಒಂದು ಭಾನುವಾರ ನಮ್ಮ ಚರ್ಚಿನ ಅಯ್ಯನವರು ಬೈಬಲಿನ ಮತ್ತಾಯನ ಸುವಾರ್ತೆಯ 3 ಮತ್ತು 4ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿಸಿದರು. ಯೇಸು ಸ್ವಾಮಿ ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಮೇಲೆ ಬಂದ ಕೂಡಲೇ, ಈತನು ನನ್ನ ಪ್ರಿಯ ಮಗ, ಈತನನ್ನು ಮೆಚ್ಚಿದ್ದೇನೆ ಎಂದು ತಂದೆಯಾದ ದೇವರು ಹೇಳುತ್ತಾನೆ. ಆ ಹೊತ್ತಿಗೆ ಆತನು ಒಂದು ಅದ್ಭುತವನ್ನೂ ಮಾಡಿರಲಿಲ್ಲ, ಒಂದು ಉಪದೇಶವನ್ನೂ ಕೊಟ್ಟಿರಲಿಲ್ಲ. ಮುಂದಿನ ಅಧ್ಯಾಯದಲ್ಲೇ ಸೈತಾನ ಬಂದು, ನೀನು ದೇವರ ಮಗನಾಗಿದ್ದರೆ ಈ ಕಲ್ಲುಗಳನ್ನು ರೊಟ್ಟಿ ಮಾಡು ಎನ್ನುತ್ತಾನೆ. ಮಗನೋ ಅಲ್ಲವೋ, ಮಾಡಿ ತೋರಿಸು ಅಂತ. ಆತನು ಮಾಡಿ ತೋರಿಸಲಿಲ್ಲ. ತಂದೆ ಆಗಲೇ ಹೇಳಿಯಾಗಿತ್ತು, ಅಲ್ವಾ? ಸಂಜೆಯ ಪಟ್ಟಿ ದಿನಾ ನನ್ನನ್ನು ಕೇಳುತ್ತಿದ್ದದ್ದೂ ಇದನ್ನೇ. ನಾನು ಹನ್ನೊಂದು ವರ್ಷ ಕಲ್ಲನ್ನು ರೊಟ್ಟಿ ಮಾಡಲು ಹೆಣಗುತ್ತಿದ್ದೆ.

ಅವತ್ತಿನಿಂದ ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಆ 'ಪ್ರಿಯ ಮಗ' ಎಂಬ ವಚನವನ್ನು ಬಾಯಿಬಿಟ್ಟು ಓದುತ್ತೇನೆ. ಮನಸ್ಸಿನಲ್ಲೇ ಅಂದುಕೊಂಡರೆ ನನಗೆ ನಾಟುವುದಿಲ್ಲ. ಪಟ್ಟಿಯನ್ನು ಆಫೀಸಿನಲ್ಲೇ ನೋಡಿ ಮುಗಿಸುತ್ತೇನೆ. ಚರ್ಚಿನಲ್ಲಿ ಎಲ್ಲರಿಗೂ ರೊಟ್ಟಿ ಕೊಡುವ ಕರ್ತನ ಭೋಜನ ತಪ್ಪಿಸುವುದಿಲ್ಲ. ಅಲ್ಲಿ ಒಂದು ಪಕ್ಕ ಡಾಕ್ಟರು, ಇನ್ನೊಂದು ಪಕ್ಕ ಚರ್ಚ್ ಗುಡಿಸುವ ಅಜ್ಜಿ. ಎಲ್ಲರೂ ಮಂಡಿಯೂರಿ ಖಾಲಿ ಕೈ ಚಾಚುತ್ತೇವೆ. ಎಲ್ಲರಿಗೂ ಒಂದೇ ತುಂಡು ರೊಟ್ಟಿ.

ಕೆಲಸ ಮೊದಲಿನಷ್ಟೇ ಮಾಡುತ್ತೇನೆ. ತಿಂಗಳ ಕೊನೆಗೆ ಹೊಟ್ಟೆ ಕಿವುಚುವುದು ಇನ್ನೂ ಇದೆ. ಆದರೆ ರೇಟ್ ಬಿದ್ದ ದಿನ ರೈತರ ಮನೆಯಲ್ಲಿ ಕೂತು, ಅವರ ಕಷ್ಟ ಪೂರ್ತಿ ಕೇಳಿ, ಆಮೇಲೆ ಕಂತಿನ ಮಾತು ಎತ್ತಲು ಈಗ ಆಗುತ್ತಿದೆ.

ಮನೆಯಲ್ಲೇ ಕಷ್ಟ ಜಾಸ್ತಿ. ಮಗಳು ಟೆಸ್ಟ್ ಪೇಪರ್ ತಂದರೆ ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದು "ಎಷ್ಟು?" "ನೀವೂ ನಮಗೊಂದು ಪಟ್ಟಿ ಇಟ್ಟಿದ್ದೀರಿ" ಎಂದಳು ಹೆಂಡತಿ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದಿನ ಸಂಜೆ ನಾನೇ ಶ್ಯಾವಿಗೆ ಪಾಯಸ ಮಾಡಿದೆ.

"ರಿಸಲ್ಟ್ ನಾಳೆ ಅಲ್ವಾ ಅಪ್ಪಾ?" ಎಂದಳು.

"ಹೌದು. ಪಾಯಸ ಇವತ್ತು" ಎಂದೆ.

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಎರಡು ಲೋಟ ಕುಡಿದಳು. ಬಾಗಿಲಲ್ಲಿ ಕೂತಿದ್ದ ಅಪ್ಪನಿಗೂ ಒಂದು ಲೋಟ ತೆಗೆದುಕೊಂಡು ಹೋದಳು.

"ಏನಮ್ಮಾ ವಿಶೇಷ?" ಎಂದರು ಅಪ್ಪ.

"ಏನಿಲ್ಲ ತಾತ, ಸುಮ್ನೆ" ಎಂದಳು.