ಹೊಟ್ಟೆ ಆಪರೇಷನ್ನಿಗೆ ಮುಂಚೆ ಹೊಲಿಗೆ ಚೀಲ ಸಿದ್ಧ ಮಾಡುವುದು ಹೇಗೆ?

ಗರ್ಭಕೋಶದ ಆಪರೇಷನ್ನಿಗೋ ಹರ್ನಿಯಾ ಆಪರೇಷನ್ನಿಗೋ ದಿನ ಗೊತ್ತಾದ ಕೂಡಲೇ ಹೊಲಿಗೆ ಬಲ್ಲವರು ಬಟ್ಟೆ, ದಾರವನ್ನೆಲ್ಲ ಚೀಲಕ್ಕೆ ತುಂಬಿಡುತ್ತಾರೆ, ‘ಹೇಗೂ ಮಲಗೇ ಇರ್ತೀನಲ್ಲ, ಆಗ ಮಾಡ್ಕೊಂಡ್ರಾಯ್ತು’ ಅಂತ. ಆಮೇಲೆ ಒಂದೂ ಆಗುವುದಿಲ್ಲ. ಬಟ್ಟೆ ಕತ್ತರಿಸುವುದಕ್ಕೆ, ಇಸ್ತ್ರಿ ಹಾಕುವುದಕ್ಕೆ, ಮಷಿನ್ ತುಳಿಯುವುದಕ್ಕೆ ಹೊಟ್ಟೆಯ ಬಲ ಬೇಕು. ಈ ಮೂರೂ ಮುಂಚೆಯೇ ಮುಗಿಯಬೇಕು; ಹಾಸಿಗೆಗೆ ಕೈಹೊಲಿಗೆ ಮಾತ್ರ ಉಳಿಯಬೇಕು.

ಮೊದಲು ನಿಮಗೆ. ಮುಂಭಾಗ ಪೂರ್ತಿ ಗುಂಡಿ ಇರುವ ಸಡಿಲ ಕಾಟನ್ ನೈಟಿ ಎರಡು. ಒಳಲಂಗದ ಲಾಡಿ ಗಾಯದ ಮೇಲೇ ಕೂರುತ್ತದೆ, ಸದ್ಯಕ್ಕೆ ಬೇಡ. ಜೊತೆಗೆ 12 ಇಂಚು ಚೌಕದ ಗಟ್ಟಿ ದಿಂಬೊಂದು. ಕೆಮ್ಮುವಾಗ, ಸೀನುವಾಗ ಹೊಟ್ಟೆಗೆ ಒತ್ತಿ ಹಿಡಿದರೆ ನೋವು ಕಡಿಮೆ. ಹಾಸನದ ಆಸ್ಪತ್ರೆಯಿಂದ ಸಕಲೇಶಪುರ, ಮೂಡಿಗೆರೆ ಕಡೆಗೆ ವಾಪಸಾಗುವಾಗ ರಸ್ತೆಯ ಕುಲುಕಾಟಕ್ಕೂ ಇದೇ ದಿಂಬು.

ಮಷಿನ್. ಸೂಜಿ ಬಿಚ್ಚಿ, ಶಟಲ್ (ಸೂಜಿಯ ಕೆಳಗೆ ಅಡಿದಾರದ ಬಾಬಿನ್ ಕೂರುವ ಭಾಗ) ಸುತ್ತಲಿನ ನೂಲಿನ ಧೂಳು ತೆಗೆದು ಎಣ್ಣೆ ಬಿಡಿ. ಮಷಿನ್ ಎಣ್ಣೆಯನ್ನೇ ಹಾಕಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಿಕ್ಕಮಗಳೂರಿನ ಚಳಿಯಲ್ಲಿ ಶಟಲ್ ಹಿಡಿದುಕೊಂಡೇ ಬಿಡುತ್ತದೆ. ಮಳೆಗಾಲವಾದರೆ ಸೂಜಿಗಳನ್ನು ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ತುಕ್ಕು ಗ್ಯಾರಂಟಿ.

ಸೀರೆ ಫಾಲ್, ಅಂದರೆ ಸೀರೆಯ ಕೆಳಗಿನ ಅಂಚಿಗೆ ಒಳಬದಿಯಿಂದ ಹೊಲಿಯುವ ಪಟ್ಟಿ. ಎಲ್ಲರೂ ಕೆಡಿಸುವುದು ಇಲ್ಲೇ. ಕಾಟನ್ ಫಾಲನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ. ನೆನೆಸದ ಫಾಲ್ ಮೊದಲ ಒಗೆತಕ್ಕೇ ಕುಗ್ಗಿ ಸೀರೆಯಂಚನ್ನು ಸುಕ್ಕು ಮಾಡುತ್ತದೆ. ಸೀರೆಯನ್ನು ಮೇಜಿನ ಮೇಲೆ ಹರಡಿ. ಫಾಲಿನ ಅಂಚು ಸೀರೆಯಂಚಿಗಿಂತ ಒಂದು ನೂಲಿನಷ್ಟು ಮೇಲಿರಲಿ. ಸಮವಾಗಿಟ್ಟರೆ ನಡೆಯುವಾಗ ಹೊರಗೆ ಇಣುಕುತ್ತದೆ. ಫಾಲನ್ನು ಎಳೆಯಲೇಬೇಡಿ, ತುಸು ಸಡಿಲವೇ ಇರಲಿ. ಕೆಳಗಿನ ಅಂಚನ್ನು ಸೀರೆ ಬಣ್ಣದ ದಾರದಲ್ಲಿ ಮಷಿನ್ನಿನಲ್ಲೇ ಮುಗಿಸಿ. ಮೇಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ದಾರದಲ್ಲಿ ಎರಡೆರಡು ಇಂಚಿಗೆ ಕಚ್ಚಾ ಹೊಲಿಗೆ ಹಾಕಿ. ಗುಂಡುಸೂಜಿ ಚುಚ್ಚಿ ತರಬೇಡಿ, ಹಾಸಿಗೆಯಲ್ಲಿ ಉದುರುತ್ತವೆ.

ಮಲಗಿದಲ್ಲಿ ಉಳಿಯುವುದು ಈ ಮೇಲಂಚಿನ ಹೆಮ್ಮಿಂಗ್ ಮಾತ್ರ. ಸೀರೆಯ ಒಂದೋ ಎರಡೋ ಎಳೆ ಹಿಡಿದು, ಕಾಲಿಂಚಿಗೊಂದು ಹೊಲಿಗೆ, ಗೇಣಿಗೊಂದು ಗಂಟು. ಗಂಟಿದ್ದರೆ ದಾರ ಒಂದು ಕಡೆ ಹರಿದರೂ ಉಳಿದದ್ದು ಬಿಚ್ಚುವುದಿಲ್ಲ. ರೇಷ್ಮೆ ಸೀರೆಯನ್ನು ಹೊಟ್ಟೆ ಮೇಲೆ ಹೇರಿಕೊಳ್ಳಬೇಡಿ. ಪಕ್ಕದ ಸ್ಟೂಲಿನ ಮೇಲೆ ಸುತ್ತಿಟ್ಟು, ಒಂದೊಂದು ಮೊಳ ಮಾತ್ರ ಎಳೆದುಕೊಳ್ಳಿ.

ಸೆರಗಿಗೆ ಕುಚ್ಚು ಕಟ್ಟುವುದಾದರೆ ರೇಷ್ಮೆ ದಾರವನ್ನು ಮನೆಯಲ್ಲೇ ಸುತ್ತಿ, ಅಳತೆಗೆ ಕತ್ತರಿಸಿ ಕಟ್ಟು ಕಟ್ಟಿ ತನ್ನಿ.

ಆಸ್ಪತ್ರೆಗೆ ಬರುವ ನೆಂಟರು ಅಂಗೈಯಗಲದ ಬ್ಯಾಟರಿ ಮಷಿನ್ ತಂದುಕೊಡುವುದುಂಟು. ಅದರದ್ದು ಒಂಟಿ ದಾರದ ಸರಪಳಿ ಹೊಲಿಗೆ. ತುದಿ ಎಳೆದರೆ ಸರ‍್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ದುಡ್ಡು ದಂಡ.

ಹಾಸಿಗೆಯಲ್ಲಿ. ಕೈಯಲ್ಲಿ ಡ್ರಿಪ್ಪಿನ ಸೂಜಿ ಇರುವಷ್ಟು ದಿನ ಹೊಲಿಗೆ ಬೇಡ. ನೋವಿನ ಮಾತ್ರೆಯ ಮಂಪರಿನಲ್ಲೂ ಬೇಡ. ಆರು ಸೂಜಿಗೆ ಮೊದಲೇ ದಾರ ಪೋಣಿಸಿ ಬಟ್ಟೆಯ ತುಂಡಿಗೆ ಸಿಕ್ಕಿಸಿಡಿ. ದಾರ ಮೊಳಕ್ಕಿಂತ ಉದ್ದ ಬೇಡ. ಉದ್ದವಾದಷ್ಟೂ ಸಿಕ್ಕು, ತೋಳು ಎತ್ತಿ ಎಳೆಯುವ ಕೆಲಸವೂ ಹೆಚ್ಚು. ಎತ್ತಿಡುವಾಗ ಆರೂ ಸೂಜಿ ಎಣಿಸಿ. ಒಂದು ಕಡಿಮೆಯಾದರೂ ಯಾರನ್ನಾದರೂ ಕರೆದು ಹಾಸಿಗೆ ಕೊಡವಿಸಿ, ನೀವು ಬಗ್ಗಿ ಹುಡುಕಬೇಡಿ. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಎಲ್ಲ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಮತ್ತೆ ಮಷಿನ್ನಿಗೆ. ಡಾಕ್ಟರನ್ನು ‘ಹೊಲಿಗೆ ಮಾಡಬಹುದಾ’ ಎಂದು ಕೇಳಿದರೆ ಅವರ ಕಣ್ಣಮುಂದೆ ಬರುವುದು ಸೂಜಿ-ದಾರ, ‘ಮಾಡಿ’ ಎಂದುಬಿಡುತ್ತಾರೆ. ‘ಕಾಲಲ್ಲಿ ತುಳಿಯುವ ಮಷಿನ್, ಅರ್ಧ ಗಂಟೆ ತುಳಿಯಬಹುದಾ? ಯಾವಾಗಿನಿಂದ?’ ಎಂದೇ ಕೇಳಿ. ಒಪ್ಪಿದ ಮೇಲೂ ಮೊದಲ ವಾರ ಹತ್ತು ನಿಮಿಷ, ತೆಳು ಬಟ್ಟೆಯ ನೇರ ಹೊಲಿಗೆ ಮಾತ್ರ. ಜೀನ್ಸ್, ಪರದೆ ಆಮೇಲೆ ನೋಡಿಕೊಳ್ಳಿ. ಕಬ್ಬಿಣದ ಮಷಿನ್ನಿನ ತಲೆ ಹತ್ತು ಕೆಜಿಗೂ ಮೇಲೆ ತೂಗುತ್ತದೆ, ಎಣ್ಣೆ ಬಿಡಲು ಅದನ್ನು ಹಿಂದಕ್ಕೆ ಮಗುಚುವ ಕೆಲಸವನ್ನು ಮನೆಯವರಿಗೆ ಒಪ್ಪಿಸಿ. ಹೊಟ್ಟೆಯ ಊತ ಪೂರ್ತಿ ಇಳಿಯುವ ತನಕ ನಿಮ್ಮ ಚೂಡಿದಾರದ ಅಳತೆ ತೆಗೆಯಬೇಡಿ.